ನೀನು ಅನ್ನುವವರು

“ನೀವು ನಿಮ್ಮ ಮಗಳನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ನಿಮ್ಮನ್ನ ತಡೆಯೋಕೆ ನಾನ್ಯಾರು?”

ಇಷ್ಟು ಹೇಳಿ ಅತ್ತೆ ತನ್ನ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ದುಂಡು ಮೇಜಿನ ಆಚೆ ಕೂತಿದ್ದ ಸೊಸೆ ಅದರಲ್ಲಿ ಒಂದಕ್ಷರವೂ ತಿಳಿಯದೆ ದುಭಾಷಿಯ ಮುಖ ನೋಡಿದಳು. ಮಧ್ಯಸ್ಥಿಕೆಯ ಅಧಿಕಾರಿಯೂ ಪೆನ್ನು ಎತ್ತಿ ಹಿಡಿದು ಅವಳ ಮುಖವನ್ನೇ ನೋಡಿದ. ದುಭಾಷಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿದಳು, ಕುಡಿಯಲಿಲ್ಲ, ಮತ್ತೆ ಮುಚ್ಚಿದಳು.

ಹೋದ ವಾರ ಇದೇ ಕುರ್ಚಿಯಲ್ಲಿ ಕೂತು, “ನಿಂಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತೋಳು ಯಾರೇ?” ಎಂದು ಸೊಸೆಯ ಮೇಲೆ ಹರಿಹಾಯ್ದ ಹೆಂಗಸು ಇವಳೇ. ಆ ಬೈಗುಳದಲ್ಲಿ ಸಲುಗೆ ಇತ್ತು. ಇವತ್ತು ಸೊಸೆ ‘ನೀವು’ ಆಗಿಬಿಟ್ಟಿದ್ದಾಳೆ, ಮೊಮ್ಮಗಳು ‘ನಿಮ್ಮ ಮಗಳು’ ಆಗಿದ್ದಾಳೆ.

ಈ ಜಾತಿಯ ನೀವು ದುಭಾಷಿಗೆ ಹೊಸದಲ್ಲ. ಅವಳ ಗಂಡ ಸಿಟ್ಟು ಬಂದರೆ ಕೂಗಾಡುವ ಆಸಾಮಿಯಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ತಾವು ಊಟಕ್ಕೆ ದಯಮಾಡಿಸಬೇಕು,” ಎನ್ನುತ್ತಾನೆ. ಅಷ್ಟು ಮರ್ಯಾದೆ ಸಿಕ್ಕಿತೆಂದರೆ ಆ ವಾರ ಮನೆಯಲ್ಲಿ ಮಾತುಕತೆ ಬಂದ್ ಎಂದೇ ಅರ್ಥ. ಗಂಡನದಾದರೆ ನಾಲ್ಕು ದಿನದಲ್ಲಿ ಕರಗುತ್ತದೆ. ಈ ಮುದುಕಿಯ ನೀವು ಕರಗುವ ಲಕ್ಷಣ ಕಾಣಲಿಲ್ಲ.

ಸೊಸೆಯ ಜರ್ಮನ್ ಭಾಷೆಯಲ್ಲಿ ನೀನು ಎನ್ನಲು ಡೂ, ನೀವು ಎನ್ನಲು ಝೀ. ಝೀ ಎಂದು ಶುರುವಾದ ಪರಿಚಯ ಹಳೆಯದಾದ ಮೇಲೆ ಡೂಗೆ ಬರುತ್ತದೆ. ಒಮ್ಮೆ ಡೂ ಎಂದವರು ಮತ್ತೆ ಝೀ ಎಂದರೆ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡ ಹಾಗೆ. ಹೋದ ವಾರ ದುಭಾಷಿ ಅತ್ತೆಯ ನೀನುಗಳನ್ನೆಲ್ಲ ಡೂ ಎಂದೇ ದಾಟಿಸಿದ್ದಳು. ಬೈಗುಳ ಕೇಳಿಸಿಕೊಳ್ಳುತ್ತಿದ್ದ ಸೊಸೆಯ ಕಣ್ಣು ಇದ್ದಕ್ಕಿದ್ದಂತೆ ಒದ್ದೆಯಾಗಿತ್ತು. ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಬೈಸಿಕೊಂಡವರು ಹಾಗೆ ಬೆಳಗುವುದನ್ನು ದುಭಾಷಿ ಎಲ್ಲೂ ಕಂಡಿರಲಿಲ್ಲ. ಯಾಕೆಂದು ಅರ್ಥವಾಗಿರಲಿಲ್ಲ, ಆದರೆ ಆ ಮುಖ ಮರೆತಿರಲಿಲ್ಲ.

ಇವರಿಬ್ಬರ ನಡುವೆ ಮಾತು ಸಾಗಿಸುತ್ತಿದ್ದವನು ಮಗ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಹೆಂಡತಿಗೆ ಕನ್ನಡದಲ್ಲಿ ಬಾ, ಸಾಕು, ಊಟ ಇಷ್ಟೇ ಬರುತ್ತಿತ್ತು. ಅವನು ಹೋದ ವರ್ಷ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಂದ ಮುಂದೆ ಒಂದೇ ಕಟ್ಟಡದ ಕೆಳಗಿನ ಮನೆಯಲ್ಲಿ ಅತ್ತೆ, ಮೇಲಿನ ಮನೆಯಲ್ಲಿ ಸೊಸೆ. ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವಳು ಮೊಮ್ಮಗಳು ಪುಟ್ಟಿ ಒಬ್ಬಳೇ. ಈಗ ಸೊಸೆಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಪ್ರತಿ ರಜೆಗೂ ಪುಟ್ಟಿಯನ್ನು ತನ್ನ ಹತ್ತಿರ ಕಳಿಸಬೇಕೆಂಬುದು ಅತ್ತೆಯ ಬೇಡಿಕೆ. “ಮೊದಲು ಅಲ್ಲಿ ನೆಲೆಯೂರುತ್ತೇವೆ, ಆಮೇಲೆ ನೋಡೋಣ,” ಎಂದು ಸೊಸೆ ಇವತ್ತು ಹೇಳಿದ್ದಳು. ಆ ‘ನೋಡೋಣ’ಕ್ಕೆ ಸಿಕ್ಕ ಉತ್ತರವೇ ಈ ನೀವು.

ಹೇಳಿದ್ದನ್ನು ಹೇಳು, ಸೇರಿಸಬೇಡ, ಬಿಡಬೇಡ: ದುಭಾಷಿಯ ಕಸುಬಿನಲ್ಲಿ ಮೊದಲು ಕಲಿಸುವ ಪಾಠ. ಅದನ್ನು ಮುರಿದವರನ್ನು ಕಚೇರಿಗಳು ಮತ್ತೆ ಕರೆಯುವುದಿಲ್ಲ. ಆದರೆ ಎದುರಿಗೆ ಆ ಹೋದ ವಾರದ ಮುಖ ಕಾಯುತ್ತಿತ್ತು. ಝೀ ಎಂದರೆ ಈಕೆ ಎದ್ದು ಹೋಗುತ್ತಾಳೆ, ಮಗುವೂ ಹೋಗುತ್ತದೆ. ದುಭಾಷಿ ಮಾತನ್ನೆಲ್ಲ ಇದ್ದ ಹಾಗೇ ಒಪ್ಪಿಸಿದಳು. ಒಂದೇ ಬದಲಾವಣೆ: ಡೂ ಎಂದಳು.

“ತಾಳು ತಾಳು,” ಎಂದಳು ಅತ್ತೆ, ಕಿಟಕಿಯಿಂದ ಇತ್ತ ತಿರುಗಿ. “ಈಗ ಡೂ ಅಂದ್ಯಲ್ಲ?”

ದುಭಾಷಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

“ನಂಗೇನು ಗೊತ್ತಾಗಲ್ಲ ಅಂದ್ಕೊಂಡ್ಯಾ? ಪುಟ್ಟಿ ಹೇಳ್ಕೊಟ್ಟಿದಾಳೆ. ಡೂ ಅಂದ್ರೆ ನೀನು, ಝೀ ಅಂದ್ರೆ ನೀವು. ನಾನು ಅವರನ್ನ ನೀವು ಅಂದೆ ತಾಯಿ. ಬೇಕು ಅಂತಾನೇ ಅಂದೆ. ನೀನ್ಯಾಕೆ ಮಧ್ಯೆ ಕೈ ಹಾಕ್ದೆ?”

ಗುರುತು ಪರಿಚಯವಿಲ್ಲದ ತನಗೆ ನೀನು, ಮನೆಯ ಸೊಸೆಗೆ ನೀವು. ಬೇರೆ ಹೊತ್ತಾಗಿದ್ದರೆ ದುಭಾಷಿಗೆ ನಗು ಬರುತ್ತಿತ್ತೋ ಏನೋ. ಅಧಿಕಾರಿ ಪೆನ್ನಿನಿಂದ ಮೇಜನ್ನು ತಟ್ಟಿ, “ಆಕೆ ಏನು ಹೇಳಿದರು?” ಎಂದು ಕೇಳಿದ.

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದುಭಾಷಿ ಜರ್ಮನ್‌ನಲ್ಲಿ ಎಲ್ಲವನ್ನೂ ಹೇಳಿದಳು: ಇವತ್ತು ಇವರು ಸೊಸೆಗೆ ಝೀ ಎನ್ನುತ್ತಿದ್ದಾರೆ, ನಾನು ಡೂ ಮಾಡಿ ಹೇಳಿದೆ, ಅದು ನನ್ನ ತಪ್ಪು. ಅಧಿಕಾರಿಯ ಹುಬ್ಬು ಮೇಲೇರಿತು. ಅವನು ಬಾಯಿ ತೆರೆಯುವ ಮೊದಲೇ ಸೊಸೆ ಮೇಜಿನ ಮೇಲೆ ಬಗ್ಗಿದಳು.

“ಹಾಗಾದರೆ ಹೋದ ವಾರದ್ದು? ಅದೂ ನೀವೇ ಮಾಡಿದ್ದಾ?”

“ಇಲ್ಲ,” ಎಂದಳು ದುಭಾಷಿ. “ಹೋದ ವಾರದ್ದೆಲ್ಲ ಅವರದೇ. ಒಂದೊಂದೂ.”

ಸೊಸೆ ಹಿಂದಕ್ಕೆ ಒರಗಿದಳು. ಆಮೇಲೆ ತಡೆತಡೆದು ಮಾತಾಡಿದಳು, ಅತ್ತೆಯನ್ನು ನೋಡದೆ, ಮೇಜಿನ ಅಂಚನ್ನು ಉಜ್ಜುತ್ತ. ದುಭಾಷಿ ಅದನ್ನು ಕನ್ನಡಕ್ಕೆ ತಂದಳು, ಈ ಸಲ ಏನನ್ನೂ ತಿದ್ದದೆ.

“ನಮ್ಮಲ್ಲಿ ದೊಡ್ಡವರು ಮೊದಲು ಹೇಳಬೇಕು, ಇನ್ನು ಮೇಲೆ ನನ್ನನ್ನ ಡೂ ಅಂತ ಕರಿ ಅಂತ. ಚಿಕ್ಕವರು ತಾವಾಗಿ ಅನ್ನೋ ಹಾಗಿಲ್ಲ. ಮದುವೆ ಆದ ದಿನದಿಂದ ನಾನು ಕಾದೆ. ನೀವು ಹೇಳಲೇ ಇಲ್ಲ. ನಿಮ್ಮ ಮಗ ಬರೀ ‘ಊಟ ಮಾಡಬೇಕಂತೆ, ಮಲಗಬೇಕಂತೆ, ಅಮ್ಮ ಹೇಳ್ತಿದಾಳೆ’ ಅಂತಿದ್ರು; ನೀವು ನನ್ನನ್ನ ಏನಂತ ಕರೀತೀರಿ ಅಂತ ನನಗೆ ಗೊತ್ತೇ ಆಗ್ಲಿಲ್ಲ. ಅಂಚೆಯವನನ್ನ ಝೀ ಅಂದ ಹಾಗೆ ನಿಮ್ಮನ್ನೂ ಝೀ ಅಂದೆ. ಈಕೆ ನನ್ನನ್ನ ಹೊಸ್ತಿಲಾಚೆನೇ ನಿಲ್ಲಿಸಿದಾರೆ ಅಂದ್ಕೊಂಡೆ. ಹೋದ ವಾರ ನೀವು ಬೈದಾಗಲೇ ಗೊತ್ತಾಗಿದ್ದು, ನಾನು ಒಳಗೇ ಇದ್ದೆ ಅಂತ.”

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟಳು.

“ಅಲ್ಲ ಕಣೇ,” ಎಂದಳು ಕೊನೆಗೆ, ಯಾರಿಗೆ ಎಂಬುದು ಅವಳಿಗೇ ತಿಳಿಯದಂತೆ. “ಅತ್ತೇನ ನೀವು ಅನ್ನದೆ ಇನ್ನೇನು ಅಂತಾರೆ? ಬೇರೆ ಭಾಷೆ ಹುಡುಗಿ ಆದ್ರೂ ನನಗೆ ಎಷ್ಟು ಮರ್ಯಾದೆ ಕೊಡ್ತಾಳೆ ನೋಡಿ ಅಂತ ಫೋನಲ್ಲಿ ಎಲ್ಲರ ಹತ್ರ ಹೇಳ್ಕೊಂಡು ಮೆರೆದೆನಲ್ಲ ನಾನು! ನೀನು ಅನ್ನೋದು ಹೆತ್ತ ತಾಯಿಗೆ. ನನ್ನನ್ನ ಹಾಗೆ ಅಂತಿದ್ದೋನು…”

ಮಾತು ಅಲ್ಲೇ ನಿಂತಿತು. ಕೈಚೀಲದ ಹಿಡಿಯನ್ನು ಅವಳ ಬೆರಳುಗಳು ಹಿಸುಕಿದವು. ದುಭಾಷಿ ಅಲ್ಲಿಯವರೆಗಿನದನ್ನು ಮೆಲ್ಲಗೆ ಜರ್ಮನ್‌ಗೆ ತಂದು, ತಾನೂ ಅಲ್ಲೇ ನಿಂತಳು.

“ಹೇಳು ಅವಳಿಗೆ,” ಎಂದಳು ಅತ್ತೆ. ‘ಅವರು’ ಹೋಗಿ ‘ಅವಳು’ ಆಗಿದ್ದು ದುಭಾಷಿಯ ಕಿವಿಗೆ ಬಿತ್ತು. “ನನ್ನ ಗಂಡನೂ ಇಲ್ಲ, ಅಕ್ಕಂದಿರೂ ಇಲ್ಲ. ಮಗ ಇದ್ದ, ಹೋದ. ಈಗ ನನ್ನನ್ನ ನೀನು ಅನ್ನೋಳು ಅಂತ ಉಳಿದಿರೋಳು ಪುಟ್ಟಿ ಒಬ್ಳೇ. ‘ಅಜ್ಜೀ, ನೀನು ಬಾ, ನೀನು ಕೂತ್ಕೋ’ ಅಂತಾಳೆ. ಅವಳೂ ಹೋದ್ರೆ ಡಾಕ್ಟರು, ಅಂಗಡಿಯೋರು, ಪಕ್ಕದ ಮನೆಯೋರು… ಎಲ್ರೂ ಮರ್ಯಾದೆ ಕೊಡ್ತಾರೆ. ಬರೀ ಮರ್ಯಾದೆ ಇಟ್ಕೊಂಡು ನಾನೇನ್ ಮಾಡ್ಲಿ?”

ಇದನ್ನು ದಾಟಿಸುವಾಗ ದುಭಾಷಿಯ ದನಿ ನಡುಗಿತು. ದನಿ ನಡುಗಬಾರದೆಂಬುದೂ ಕಸುಬಿನ ಪಾಠವೇ. ಇವತ್ತು ಒಂದು ಮುರಿದಿದ್ದಾಗಿದೆ, ಇನ್ನೊಂದು ಮುರಿದರೇನು ಎನ್ನಿಸಿತು. ಸೊಸೆ ಕೊನೆಯವರೆಗೂ ಕೇಳಿಸಿಕೊಂಡಳು. ಉತ್ತರ ಕೊಡಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಮುಂದಿನ ವಾರ ಮತ್ತೆ ಸೇರೋಣ ಎಂದ. ದುಭಾಷಿಗೆ ಮಾತ್ರ, “ನೀವು ಹೋಗಬೇಡಿ, ಸ್ವಲ್ಪ ಮಾತಾಡುವುದಿದೆ,” ಎಂದ, ತಣ್ಣಗೆ.

ಏನು ಮಾತಾಡುವುದಿದೆಯೆಂದು ಅವಳಿಗೆ ಗೊತ್ತಿತ್ತು. ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಈ ಕಚೇರಿ ಕೈ ಬಿಟ್ಟರೆ ತಿಂಗಳಲ್ಲಿ ಅರ್ಧ ಕೆಲಸ ಹೋದಂತೆ. ಅದಕ್ಕಿಂತ ಹೆಚ್ಚಾಗಿ ಆ ಸೊಸೆಯ ಮೌನ ಅವಳನ್ನು ಕಾಡಿತು. ಹೂಂ ಎನ್ನಬಾರದಿತ್ತೇ? ಊಹೂಂ ಎಂದಾದರೂ ಅನ್ನಬಾರದಿತ್ತೇ?

ಅತ್ತೆ ಗೋಡೆಯ ಗೂಟದಿಂದ ತನ್ನ ದಪ್ಪ ಕೋಟನ್ನು ತೆಗೆದು ಒಂದು ತೋಳು ತೂರಿಸಿಕೊಂಡಿದ್ದಳು. ಕೋಟಿನ ಇನ್ನೊಂದು ತೋಳು ಬೆನ್ನ ಹಿಂದೆ ಮಡಚಿಕೊಂಡು ಕೈಗೆ ಸಿಗುತ್ತಿರಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ಚಾಚಿ ತಡಕುತ್ತ ಅರ್ಧ ಸುತ್ತು ತಿರುಗಿದಳು, ಕೋಟೂ ಅವಳ ಜೊತೆಗೇ ತಿರುಗಿತು. ಸಹಾಯಕ್ಕೆಂದು ದುಭಾಷಿ ಎದ್ದಳು. ಅಷ್ಟರಲ್ಲಿ ಸೊಸೆ ಬಂದು ಕೋಟಿನ ಕೊರಳಪಟ್ಟಿ ಹಿಡಿದು, ಮಡಚಿದ ತೋಳನ್ನು ಬಿಡಿಸಿದಳು. ಹಿಂದಿನಿಂದಲೇ, ಮುದುಕಿಯ ಕಿವಿಯ ಹತ್ತಿರ, ಜರ್ಮನ್‌ನಲ್ಲಿ ಹೇಳಿದಳು: ಭಾನುವಾರ ನಾವು ಹೊಸ ಮನೆ ನೋಡೋಕೆ ಹೋಗ್ತೀವಿ, ನೀನೂ ಬರ್ತೀಯಲ್ಲ? ಡೂ ಎಂಬುದು ಹೊರಡುವಾಗ ಸ್ವಲ್ಪ ತಡವರಿಸಿತು.

ಅತ್ತೆಯ ಕೈ ತೋಳಿನ ಅರ್ಧದಲ್ಲಿ ನಿಂತಿತು. ಅವಳಿಗೆ ತಿಳಿದಿದ್ದು ಅಷ್ಟು ಮಾತಿನಲ್ಲಿ ಒಂದೇ ಶಬ್ದ.

“ಏನಂದೆ?” ಎಂದಳು, ತಿರುಗದೆ. “ಇನ್ನೊಂದ್ಸಲ ಅನ್ನು.”

ದುಭಾಷಿ ಅಭ್ಯಾಸಬಲದಿಂದ ಬಾಯಿ ತೆರೆದಳು. ಸೊಸೆ ಅವಳ ಕಡೆ ನೋಡಲೇ ಇಲ್ಲ. ಹಿಡಿದ ಕೋಟನ್ನು ಹಿಡಿದಂತೆಯೇ, ಅದೇ ಮಾತನ್ನು ಮೊದಲಿಗಿಂತ ನಿಧಾನವಾಗಿ ಇನ್ನೊಮ್ಮೆ ಹೇಳಿದಳು.

ಒಳಗಿನಿಂದ ಅಧಿಕಾರಿ ದುಭಾಷಿಯನ್ನು ಕರೆದ. ಅವಳು ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು, ಮುದುಕಿಯ ಬೆರಳುಗಳು ತೋಳಿನ ತುದಿಯಿಂದ ಒಂದೊಂದಾಗಿ ಹೊರಗೆ ಬರುವವರೆಗೂ.