ಸುಕನ್ಯಾಳ ಪಥ್ಯ

ಹೆಂಡತಿಯ ಮೈಮೇಲೆ ದದ್ದು ಎದ್ದರೆ ಗಂಡನಾದವನು ಏನೇನು ಮಾಡಬಹುದೋ ಅದರಲ್ಲಿ ಕೊಟ್ರಸ್ವಾಮಿ ಬಿಟ್ಟದ್ದು ಒಂದೂ ಇಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬೀಜದ ಅಂಗಡಿ ಇಟ್ಟವನು. ಜೊಳ್ಳು ಬೀಜವನ್ನು ಅಂಗೈಯಲ್ಲೇ ಗುರುತಿಸುವ ತನಗೆ, ಸುಕನ್ಯಾಳಿಗೆ ಆಗದ ಪದಾರ್ಥ ಹುಡುಕುವುದು ಯಾವ ಮಹಾ ಎಂದುಕೊಂಡಿದ್ದ. ಮೊದಲು ಬದನೆಕಾಯಿ ನಂಜು ಎಂದು ಬಿಡಿಸಿದ. ಆಮೇಲೆ ಶೇಂಗಾ ಹೋಯಿತು, ಹುರುಳಿ ಹೋಯಿತು, ಮೊಸರೂ ಹೋಯಿತು. ಕೊನೆಗೆ ಅವಳ ತಟ್ಟೆಯಲ್ಲಿ ಉಳಿದದ್ದು ಅನ್ನ, ಹೆಸರುಬೇಳೆ ಕಟ್ಟು ಅಷ್ಟೇ. ದದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ, "ಇವತ್ತ ಏನ್ ತಿಂದಿ?" ಅವಳು ಹೇಳಿದ ಮೇಲೂ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಓಣಿಯವರು ಹೇಳುತ್ತಿದ್ದರು. ಅವನಿಗೂ ಹಾಗೇ ಅನ್ನಿಸುತ್ತಿತ್ತು.

ಹೊಸಪೇಟೆಯ ಡಾಕ್ಟರು ರಕ್ತಪರೀಕ್ಷೆ ನೋಡಿ ಯಾವ ಪದಾರ್ಥದ ಮೇಲೂ ತಪ್ಪು ಹೊರಿಸಲಿಲ್ಲ. "ಮನಸ್ಸಿಗೆ ಏನಾದ್ರೂ ತ್ರಾಸ ಇದೆಯೇನಮ್ಮಾ? ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದರು. ಸುಕನ್ಯಾ ಬಾಯಿ ತೆರೆಯುವಷ್ಟರಲ್ಲಿ ಕೊಟ್ರಸ್ವಾಮಿ ನಕ್ಕು, "ಏನ್ ತ್ರಾಸ ಸಾರ್, ರಾಣಿ ಹಂಗ ಅದಾಳ" ಎಂದುಬಿಟ್ಟ. ಈ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದು ದಾರಿಯುದ್ದಕ್ಕೂ ಬೈದ. ಮರುದಿನದಿಂದ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಹಾಲೂ ಬಂದ್ ಆಯಿತು.

ಈ ನಡುವೆ ಮಾಗಳದಲ್ಲಿ ಸುಕನ್ಯಾಳ ತಂಗಿ ಶಾಂಭವಿ ಬಿದ್ದು ಕಾಲು ಮುರಿದುಕೊಂಡಳು. ಆರೈಕೆಗೆಂದು ಹೋದ ಸುಕನ್ಯಾ ಅಲರ್ಜಿ ಗುಳಿಗೆಯನ್ನು ಮನೆಯಲ್ಲೇ ಮರೆತಿದ್ದಳು. ಅದು ಕೊಟ್ರಸ್ವಾಮಿಯ ಕಣ್ಣಿಗೆ ಬಿದ್ದದ್ದು ವಾರ ಕಳೆದ ಮೇಲೆ. ಒಮ್ಮೆ ಅವಳ ತುಟಿ ಊದಿ ಉಸಿರು ಕಟ್ಟಿದ್ದನ್ನು ಕಂಡಿದ್ದ. "ಗಂಜಿ ಕುಡಿದೀನ್ರಿ, ಆರಾಮ ಅದೀನಿ" ಎಂದು ಫೋನಿನಲ್ಲಿ ದಿನಾ ಹೇಳುತ್ತಿದ್ದವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಹೆದರಿ, ಅಂಗಡಿ ಮುಚ್ಚಿ ಬೈಕ್ ಹತ್ತಿದ. ಹಡಗಲಿ ದಾಟುವವರೆಗೂ ಶಿವ ಶಿವ ಎನ್ನುತ್ತಲೇ ಇದ್ದ.

ಓಣಿಯಲ್ಲಿ ಜಲ್ಲಿ ಸುರಿದಿದ್ದರಿಂದ ಬೈಕನ್ನು ದೂರವೇ ನಿಲ್ಲಿಸಿ ನಡೆದುಬಂದ. ಪಡಸಾಲೆಯಲ್ಲಿ ಸುಕನ್ಯಾ ನಗುತ್ತ ಊಟಕ್ಕೆ ಕೂತಿದ್ದಳು. ಮುಂದೆ ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವಿಷವನ್ನೇ ಬಡಿಸಿಕೊಂಡು ಕೂತಿದ್ದಾಳಲ್ಲ ಎಂದು ಕೊಟ್ರಸ್ವಾಮಿ ಹೊಸ್ತಿಲಲ್ಲೇ ಕಲ್ಲಾದ. ಅದಕ್ಕಿಂತ ದೊಡ್ಡ ಗಾಬರಿ ಆಮೇಲೆ ಆಯಿತು. ಅವಳ ತೋಳಿನ ಮೇಲಾಗಲಿ ಕುತ್ತಿಗೆಯ ಮೇಲಾಗಲಿ ಒಂದೇ ಒಂದು ದದ್ದು ಇರಲಿಲ್ಲ.

"ಸುಕನ್ಯಾ, ಏನ್ ತಿನ್ನಾಕತ್ತಿ?"

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅವನು ನೋಡುತ್ತಿದ್ದಂತೆ ಅವಳ ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಅದು ಅಗಲವಾಗಿ ಭುಜಕ್ಕಿಳಿದು, ಮೊಣಕೈವರೆಗೂ ದಪ್ಪ ದಪ್ಪ ದದ್ದಾಗಿ ಎದ್ದಿತು.

"ನೋಡಿದೇನು? ಬದ್ನಿಕಾಯಿ," ಎಂದು ಅವನು ಜೇಬಿನಿಂದ ಗುಳಿಗೆ ತೆಗೆದ. ದನಿಯಲ್ಲಿ ಗೆದ್ದವನ ಗತ್ತಿತ್ತು.

ಹಾಸಿಗೆಯ ಮೇಲಿದ್ದ ಶಾಂಭವಿ ಮೆಲ್ಲಗೆ ಹೇಳಿದಳು, "ಮಾವ, ಅಕ್ಕ ಬಂದಾಗಿಂದ ದಿನಾ ಇದನ್ನ ಉಂಡಾಳ್ರಿ. ಒಂದೂ ಎದ್ದಿದ್ದಿಲ್ಲ. ಈಗ ನೀವು ಬಂದ್ರಿ, ಎದ್ದಾವ."

ಗುಳಿಗೆ ಕೈಯಿಂದ ಜಾರಿ ಬಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಕನ್ಯಾ ಹಾಗಲ್ಲ ಎನ್ನಲಿ ಎಂದು ಅವಳ ಮುಖ ನೋಡುತ್ತ ನಿಂತ. ಅವಳು ಅನ್ನಲಿಲ್ಲ. ಡಾಕ್ಟರ ಪ್ರಶ್ನೆ ಈಗ ಕಿವಿಗೆ ಬಿತ್ತು. ಅವಳ ತಟ್ಟೆಯಿಂದ ಎಲ್ಲವನ್ನೂ ಬಿಡಿಸಿದ್ದ, ಬಿಡಿಸದೆ ಉಳಿದವನು ತಾನೊಬ್ಬನೇ.

"ಆ ಡಾಕ್ಟರ ಹತ್ರ ಮತ್ತ ಹೋಗೂಣು," ಎಂದ ಕೊನೆಗೆ. "ನೀನೊಬ್ಬಾಕೀನ ಒಳಗ ಹೋಗು. ನಾನು ಹೊರಗ ಕುಂದರ್ತೀನಿ."

ಸುಕನ್ಯಾ ಕುತ್ತಿಗೆ ತುರಿಸಿಕೊಂಡಳು. ತುತ್ತು ಇನ್ನೂ ಕೈಯಲ್ಲೇ ಇತ್ತು.

"ಈಗೂ ಹೊರಗ ಕುಂದರ್ರಿ," ಎಂದಳು. "ಊಟ ಮುಗಸ್ತೀನಿ."

ಅವನು ಹೋಗಿ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಒಳಗೆ ರೊಟ್ಟಿ ಮುರಿದ ಸದ್ದು ಕೇಳಿಸಿತು. ಯಾವುದರ ಜೊತೆ ತಿನ್ನುತ್ತಿದ್ದಾಳೆಂದು ನೋಡಲು ಅವನು ತಿರುಗಲಿಲ್ಲ.