ಎಂಬತ್ತೆಂಟನೆಯ ಸೇತುವೆ

ಲಾರಿ ಡ್ರೈವರ್ ತನ್ನ ಅತ್ತೆಯ ನೆನಪನ್ನು ನಂಬಿದಷ್ಟು ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅತ್ತೆ ರೈಲ್ವೆಯ ಸೇತುವೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದವರು. ಊರ ನಡುವೆ ಹಾದುಹೋಗುವ ಮಾರ್ಗದ ಸೇತುವೆಗಳಿಗೆ ಒಂದರಿಂದ ನೂರ ನಲವತ್ತರವರೆಗೆ ನಂಬರುಗಳಿವೆ. ಪ್ರತಿ ವರ್ಷ ತಪಾಸಣೆ ಮುಗಿದ ಮೇಲೆ ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಟೈಪ್ ಮಾಡಬೇಕಿತ್ತು: ನಂಬರು, ಎಷ್ಟನೆಯ ಕಿಲೋಮೀಟರು, ಯಾವ ಬಗೆ, ಕಂಬಗಳ ನಡುವೆ ಎಷ್ಟು ಅಂಕಣ, ಎಷ್ಟು ಅಗಲ, ಸ್ಥಿತಿ ಹೇಗಿದೆ. ಕಾರ್ಬನ್ ಕಾಗದ ಇಟ್ಟು ನಾಲ್ಕು ಪ್ರತಿ. ಮೂವತ್ತೆರಡು ಸಲ ಹೊಡೆದ ಪಟ್ಟಿ ಬೆರಳಿನಿಂದ ತಲೆಗೇರಿ ಅಲ್ಲೇ ಕೂತಿತ್ತು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಇಳಿದಿರಲಿಲ್ಲ.

ವಿಚಿತ್ರವೆಂದರೆ, ಮನೆಯ ಹತ್ತಿರದ ಹದಿನಾರನೆಯದನ್ನು ಬಿಟ್ಟರೆ ಆ ಸೇತುವೆಗಳಲ್ಲಿ ಒಂದನ್ನೂ ಅವರು ಕಣ್ಣಾರೆ ನೋಡಿದವರಲ್ಲ.

ಅಳಿಯನಿಗೆ ಸೇತುವೆಗಳ ಗೀಳು ಹತ್ತಿದ್ದು ಎರಡು ವರ್ಷದ ಹಿಂದೆ. ಬೀರು, ಮಂಚ ತುಂಬಿಕೊಂಡು ಹೋಗುತ್ತಿದ್ದಾಗ ಲಾರಿಯ ನೆತ್ತಿ ಒಂದು ತಗ್ಗು ಸೇತುವೆಗೆ ಬಡಿಯಿತು. ಇಂಥ ಹೊತ್ತಿನಲ್ಲಿ ಚಾಲಕ ಮಾಡಬೇಕಾದ ಮೊದಲ ಕೆಲಸ ರೈಲ್ವೆಗೆ ಫೋನ್ ಮಾಡುವುದು. ರೈಲ್ವೆಯವರು ಕೇಳುವ ಮೊದಲ ಪ್ರಶ್ನೆ ಸೇತುವೆಯ ನಂಬರು. ನಂಬರಿನ ಫಲಕದ ಮೇಲೆ ಯಾರೋ ಜಾಹೀರಾತು ಅಂಟಿಸಿದ್ದರು. ಪೆಟ್ರೋಲ್ ಬಂಕಿನ ಪಕ್ಕದ್ದು ಎಂದ. ಮಾರ್ಗದುದ್ದಕ್ಕೂ ಮೂರು ಬಂಕುಗಳ ಪಕ್ಕ ಸೇತುವೆಗಳಿದ್ದವು. ಯಾವುದೆಂದು ಗೊತ್ತಾಗುವವರೆಗೆ ಎರಡೂ ಕಡೆಯ ರೈಲುಗಳು ನಲವತ್ತು ನಿಮಿಷ ನಿಂತವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ನಲವತ್ತು ನಿಮಿಷವನ್ನು ಅವನು ಮರೆಯಲಿಲ್ಲ.

ಅಂತರ್ಜಾಲದಲ್ಲಿ ಜನರೇ ಸೇರಿ ಕಟ್ಟುತ್ತಿದ್ದ ಒಂದು ನಕ್ಷೆಯಿತ್ತು. ಯಾರು ಬೇಕಾದರೂ ತಮ್ಮ ಬೀದಿ, ನಲ್ಲಿ, ಬಸ್ ನಿಲ್ದಾಣಗಳನ್ನು ಅದರಲ್ಲಿ ಗುರುತಿಸಬಹುದು. ಅದರಲ್ಲಿ ಸೇತುವೆಗಳಿದ್ದವು, ನಂಬರುಗಳಿರಲಿಲ್ಲ. ತಾನೇ ತುಂಬುತ್ತೇನೆ ಎಂದು ಹೊರಟ. ನಕ್ಷೆಗೆ ಒಂದೇ ಕಟ್ಟುನಿಟ್ಟಿನ ನಿಯಮ: ಕೇಳಿದ್ದನ್ನು, ಓದಿದ್ದನ್ನು ಹಾಕುವಂತಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಹಾಕಬೇಕು. ಹಾಗಾಗಿ ಅತ್ತೆಯ ಪಟ್ಟಿ ನೇರವಾಗಿ ನಕ್ಷೆಗೆ ಹೋಗುತ್ತಿರಲಿಲ್ಲ. ಶನಿವಾರ ಊಟದ ಮೇಜಿನ ಮುಂದೆ ಅತ್ತೆ ಏಳೆಂಟು ಸೇತುವೆಗಳನ್ನು ಹೇಳುವರು, ಅಳಿಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವನು. ಭಾನುವಾರ ಹೋಗಿ ಹುಡುಕಿ, ಫಲಕದ ಫೋಟೋ ತೆಗೆದು, ಬಂದು ನಕ್ಷೆಗೆ ಸೇರಿಸುವನು.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನಿಮ್ಮ ನಕ್ಷೆಯೋರಿಗೆ ಕಂಡರೆ ಸಾಕಂತೆ," ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಆದರೂ ಭಾನುವಾರ ಸಂಜೆ ಬಾಗಿಲ ಸದ್ದಿಗೆ ಮೊದಲು ಏಳುತ್ತಿದ್ದವರು ಅವರೇ. ಎಂಬತ್ತೇಳರವರೆಗೆ ಅವರ ಒಂದು ಅಂಕಿಯೂ ತಪ್ಪಾಗಿರಲಿಲ್ಲ.

ಆ ಖುಷಿಯ ಹಿಂದೆ ಒಂದು ಹೆದರಿಕೆಯಿತ್ತು. ಮೂರು ತಿಂಗಳ ಹಿಂದೆ ಅತ್ತೆ ಒಲೆಯ ಮೇಲೆ ಕೆಟಲ್ ಇಟ್ಟು ಮರೆತು ಅದರ ತಳ ಸುಟ್ಟಿದ್ದರು. ಆಮೇಲೊಂದು ದಿನ ಇಪ್ಪತ್ತು ವರ್ಷ ಇಳಿದ ಬಸ್ ನಿಲ್ದಾಣದಲ್ಲಿ ಇಳಿಯದೆ ಮುಂದೆ ಹೋಗಿಬಿಟ್ಟಿದ್ದರು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮರೆವಿನ ಮಾತ್ರೆಗಳನ್ನು ಯಾರು, ಯಾವ ಮುಖ ಹೊತ್ತು ಕೊಳ್ಳಲು ಬರುತ್ತಾರೆಂದು ಅವಳಿಗೆ ಗೊತ್ತು. ಅವಳು ನೆನಪಿನ ಪರೀಕ್ಷೆಗೆ ಡಾಕ್ಟರ ಬಳಿ ಒಂದು ಗುರುವಾರ ಗೊತ್ತುಮಾಡಿದಳು. ಅತ್ತೆ ಬೇಡವೆನ್ನಲಿಲ್ಲ.

"ನೂರರಿಂದ ಏಳೇಳು ಕಳೀತಾ ಹೋಗಿ ಅಂತಾರಂತೆ. ನಾನು ಯಾವತ್ತು ಏಳೇಳು ಕಳೆದಿದ್ದೀನಿ? ಸೇತುವೆ ಕೇಳಲಿ, ಹೇಳ್ತೀನಿ," ಎಂದರು, ಅಷ್ಟೆ.

ಗುರುವಾರಕ್ಕೆ ಇನ್ನೂ ಹನ್ನೊಂದು ದಿನವಿತ್ತು. ಆ ಭಾನುವಾರ ಅಳಿಯನಿಗೆ ಎಂಬತ್ತೆಂಟು ಸಿಗಲಿಲ್ಲ.

ಎಂಬತ್ತೇಳು ಸಿಕ್ಕಿತ್ತು, ಕಾಲುವೆಯ ಮೇಲೆ. ಎಂಬತ್ತೊಂಬತ್ತೂ ಸಿಕ್ಕಿತ್ತು, ಸೈಕಲ್ ದಾರಿಯ ಮೇಲೆ. ಎರಡರ ನಡುವೆ ಸುಮಾರು ಒಂದೂಕಾಲು ಕಿಲೋಮೀಟರು ಉದ್ದಕ್ಕೂ ಮಣ್ಣಿನ ದಿಬ್ಬ, ಅದರ ಮೇಲೆ ಹಳಿ. ಅವನು ಕೆಳಗಿನ ರಸ್ತೆಯಲ್ಲಿ ಹೋಗುತ್ತ ಒಮ್ಮೆ ನೋಡಿದ, ಬರುತ್ತ ಒಮ್ಮೆ ನೋಡಿದ. ದಿಬ್ಬದ ಆಚೆ ಬದಿಗೂ ಹೋಗಿ ಬಟ್ಟೆ ಒಗೆಯುವ ಕಾರ್ಖಾನೆಯ ಹಿತ್ತಲಿನಿಂದ ನೋಡಿದ. ಒಂದು ಕೊಳವೆಯ ತೂತೂ ಇರಲಿಲ್ಲ.

ಮನೆಗೆ ಬಂದವನು ಹೆಂಡತಿಗೆ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದ. ಡಾಕ್ಟರನ್ನು ನೋಡುವವರೆಗೆ ಅಮ್ಮನಿಗೆ ತಿಳಿಸುವುದು ಬೇಡ ಎಂದು ಅವಳು ಅವನ ತೋಳು ಹಿಡಿದಳು. ಹಾಗಾಗಿ ಅವನು ಹೊರಗೆ ಬಂದು, ಅಲ್ಲಿ ಪೊದೆ ಬೆಳೆದುಕೊಂಡಿದೆ, ಫಲಕ ಕಾಣಲಿಲ್ಲ ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಪೊದೆಯ ಎತ್ತರವನ್ನೂ ಹೇಳಿದ. ಅತ್ತೆ ಅವನ ಮುಖವನ್ನೊಮ್ಮೆ ನೋಡಿದರು.

ಮಾರನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅತ್ತೆ ಕಂಪ್ಯೂಟರಿನಲ್ಲಿ ನಕ್ಷೆ ತೆರೆದರು. ಉಪಗ್ರಹದ ಚಿತ್ರದಲ್ಲಿ ದಿಬ್ಬವಿತ್ತು, ಬೋಳಾಗಿತ್ತು. ಎಂಬತ್ತೇಳು, ಆಮೇಲೆ ಎಂಬತ್ತೊಂಬತ್ತು. ಪೊದೆಯೂ ಇರಲಿಲ್ಲ, ಸೇತುವೆಯೂ ಇರಲಿಲ್ಲ.

ಶನಿವಾರ ಅಳಿಯ ನೋಟ್‌ಬುಕ್ ತೆರೆದು ಕೂತಾಗ ಅವರು ಮೇಜಿನ ಹತ್ತಿರ ಬರಲಿಲ್ಲ.

"ನನ್ನನ್ನ ಕೇಳ್ಬೇಡಿ, ಅಳಿಯಂದ್ರೆ. ಎಂಬತ್ತೆಂಟನ್ನ ನಾನೇ ಕಟ್ಟಿದ್ದೀನಿ ಅಂತಾಯ್ತು. ಮುಂದೆ ಇನ್ನೆಷ್ಟು ಕಟ್ಟಿದ್ದೀನೋ."

ಅವನು ತಮಾಷೆ ಮಾಡಿ ನೋಡಿದ. "ಅಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನಿಮ್ಮ ಮಗಳು ಮದುವೆಗೆ ಮುಂಚೇನೇ ಹೇಳಿದ್ಲು. ಈಗ ನೀವೇ ಮೊಲ ಬಿಟ್ಟುಬಿಟ್ರೆ ಹೇಗೆ?"

ಅತ್ತೆ ನಗಲಿಲ್ಲ. ಒಗೆದು ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದರು. ಒಂದೇ ದಿಂಬಿನ ಗವಸನ್ನು ಮೂರು ಸಲ ಮಡಿಸಿದ್ದನ್ನು ಅವನು ನೋಡಿದ.

ಆ ಮಧ್ಯಾಹ್ನ ಅವನು ರೈಲ್ವೆಯ ನಿವೃತ್ತರ ಸಂಘಕ್ಕೆ ಹೋದ. ಅಲ್ಲಿ ಇಸ್ಪೀಟು ಆಡುತ್ತಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಆ ಮಾರ್ಗದ ಸೇತುವೆಗಳನ್ನು ಹನ್ನೊಂದು ವರ್ಷ ತಪಾಸಣೆ ಮಾಡಿದ್ದ ಇನ್ಸ್‌ಪೆಕ್ಟರ ವಿಳಾಸ ಹಿಡಿದ. ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಸ್ಟೂಲೊಂದನ್ನು ಲಾರಿಯ ಬಾಗಿಲ ಕೆಳಗಿಟ್ಟು ಅತ್ತೆಯನ್ನು ಕರೆದ. ಬರಲಾರೆ ಎಂದವರು, ಮಗಳೂ ಬಂದು ಕೈಚೀಲ ಕೊಟ್ಟ ಮೇಲೆ ಹತ್ತಿ ಕೂತರು.

ಲಾರಿಯ ಎತ್ತರ ಮೂರು ಮೀಟರು ತೊಂಬತ್ತು ಸೆಂಟಿಮೀಟರು. ಹಾಗಾಗಿ ಅವನು ಹಾದುಹೋಗಬಹುದಾದ ಸೇತುವೆಗಳನ್ನೇ ಆರಿಸಿ ದಾರಿ ಹಿಡಿದ. ಅರವತ್ತೊಂದರ ಅಡಿಯಲ್ಲಿ ವೇಗ ಇಳಿಸಿದ. ಅತ್ತೆ ಕಿಟಕಿಯಿಂದ ಕತ್ತು ಹೊರಹಾಕಿ ಮೇಲೆ ನೋಡಿದರು. ಕಪ್ಪು ಫಲಕದ ಮೇಲೆ ಬಿಳಿ ಅಂಕಿ.

"ಇದಾ ಅರವತ್ತೊಂದು? ಉಕ್ಕಿನ ತೊಲೆ, ಎರಡು ಅಂಕಣ ಅಂತ ಹೊಡೀತಿದ್ದಾಗ ಏನೇನೋ ದೊಡ್ಡದಾಗಿ ಅಂದ್ಕೊಂಡಿದ್ದೆ. ಪಾಪ, ಕುಳ್ಳ."

ಎಪ್ಪತ್ನಾಲ್ಕನ್ನು ನೋಡಿ ಚೆಂದವಿದೆ ಎಂದರು. ಎಂಬತ್ತರ ಬಣ್ಣ ಕಿತ್ತಿದೆ, ತಮ್ಮ ಕಾಲದಲ್ಲಿ ಹೀಗಿದ್ದಿದ್ದರೆ 'ಸಾಧಾರಣ' ಎಂದು ಹೊಡೆಯುತ್ತಿದ್ದೆ ಎಂದರು. ಎಂಬತ್ತೇಳು ಕಳೆಯಿತು. ಅಳಿಯ ಲಾರಿ ನಿಲ್ಲಿಸಿದ ಕಡೆ ದಿಬ್ಬದ ಮೇಲೆ ಹುಲ್ಲು ಸಣ್ಣಗೆ ಅಲುಗುತ್ತಿತ್ತು. ಕೈಚೀಲವನ್ನು ಮಡಿಲಲ್ಲಿ ಹಿಡಿದು ಅವರು ಅದನ್ನು ನೋಡಿದರು.

"ಇಲ್ಲೇನಾ?"

"ಇಲ್ಲೇ ಅತ್ತೆ. ಐವತ್ತೆರಡು ಪಾಯಿಂಟ್ ಏಳನೇ ಕಿಲೋಮೀಟರು."

"ನಡೀರಿ," ಎಂದರು.

ಇನ್ಸ್‌ಪೆಕ್ಟರ ಮನೆ ಅಲ್ಲಿಂದ ಹತ್ತು ನಿಮಿಷ. ಅಂಗಳದಲ್ಲಿ ಹಳಿಯ ಮೇಲೆ ತಳ್ಳುವ ಟ್ರಾಲಿಯ ಹಳೆಯ ಬೆಂಚು ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು. ಎಂಬತ್ತರ ಆಸುಪಾಸಿನ ತೆಳ್ಳನೆಯ ಮುದುಕ. ಅತ್ತೆಯನ್ನು ಕಂಡು, "ಟೈಪಿಸ್ಟಮ್ಮ!" ಎಂದು ಎದ್ದು ನಿಂತರು. ಅಳಿಯ ಬಂದ ಕಾರಣ ಹೇಳಿದ. ಎಂಬತ್ತೆಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಕೈ ಎತ್ತಿ ಅವನನ್ನು ತಡೆದು ಅತ್ತೆಯತ್ತ ತಿರುಗಿದರು.

"ನೀವು ಹೇಳಿ ಟೈಪಿಸ್ಟಮ್ಮ. ಎಂಬತ್ತೆಂಟು ಹೇಗಿದೆ?"

ಅತ್ತೆ ಅಳಿಯನ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು. "ಇಟ್ಟಿಗೆ ಕಮಾನು. ಒಂದೇ ಅಂಕಣ. ಮೂರು ಪಾಯಿಂಟ್ ಆರು ಮೀಟರು. ಸ್ಥಿತಿ ಉತ್ತಮ."

"ಒಂದಕ್ಷರ ತಪ್ಪಿಲ್ಲ. ಹನ್ನೊಂದು ವರ್ಷ ಅದರ ಮುಂದೆ ಸಹಿ ಹಾಕಿದ್ದೀನಿ."

"ಹಾಗಾದ್ರೆ ಎಲ್ಲಿದೆ ಇನ್ಸ್‌ಪೆಕ್ಟರ್ರೆ?"

"ಎಲ್ಲೂ ಇಲ್ಲ. ಯಾವತ್ತೂ ಇರಲಿಲ್ಲ."

ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಮಾರ್ಗ ಹಾಕುವಾಗ ಅಲ್ಲೊಂದು ಚಿಕ್ಕ ಸೇತುವೆಗೆ ಯೋಜನೆಯಿತ್ತು. ನಂಬರು ಕೊಟ್ಟರು, ಅಳತೆ ಬರೆದರು, ಆಮೇಲೆ ಬೇಡವೆಂದು ಕೈಬರಹದ ಹಳೆಯ ಪುಸ್ತಕದಲ್ಲಿ ಆ ಸಾಲಿಗೆ ಕೆಂಪು ಶಾಯಿಯ ಗೀಟೆಳೆದರು. ವರ್ಷಗಳು ಕಳೆದು ಗೀಟು ಮಾಸಿತು. ಆ ಪುಸ್ತಕವನ್ನು ಮೊದಲ ಬಾರಿ ಟೈಪ್ ಮಾಡಲು ಕೊಟ್ಟದ್ದು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿಯ ಕೈಗೆ. ಅವಳು ಎಂಬತ್ತೆಂಟನ್ನೂ ಹೊಡೆದಳು. ಮೇಲಿನ ಸಾಲಿನಲ್ಲಿ ಸ್ಥಿತಿ ಉತ್ತಮ ಎಂದಿತ್ತು, ಇದಕ್ಕೂ ಉತ್ತಮ ಎಂದಳು.

"ನನಗಿಂತ ಮುಂಚೆ ಇದ್ದ ಇನ್ಸ್‌ಪೆಕ್ಟರ್ರು ಆ ವರ್ಷವೇ ಕಂಡುಹಿಡಿದ್ರು. ಅಷ್ಟರಲ್ಲಿ ನಾಲ್ಕೂ ಪ್ರತಿ ನಾಲ್ಕು ಆಫೀಸಿಗೆ ಹೋಗಿತ್ತು. ಹೊಸ ಹುಡುಗಿ, ಹೇಳಿದ್ರೆ ಕೆಲಸಕ್ಕೇ ಕುತ್ತು, ಬಿಡು ಅಂದ್ಕೊಂಡ್ರು. ನಾನು ಬಂದಾಗ ನನಗೂ ಅದನ್ನೇ ಹೇಳಿದ್ರು. ಆಮೇಲೆ ತೆಗೆಯೋಕೆ ದಾರೀನೇ ಇರಲಿಲ್ಲ. ಪಟ್ಟಿಯಿಂದ ಸೇತುವೆ ತೆಗೀಬೇಕಾದ್ರೆ ಕೆಡವಿದ ತಾರೀಕು ಬರೀಬೇಕು. ಕಟ್ಟದೇ ಇರೋದನ್ನ ಯಾವ ತಾರೀಕು ಕೆಡವೋದು?"

"ಅದಕ್ಕೆ ಉತ್ತಮ ಅಂತ ಬರೀತಾ ಹೋದ್ರಾ?" ಎಂದು ಅಳಿಯ ಕೇಳಿದ.

"ಇನ್ನೇನಪ್ಪ ಬರೀಲಿ? ಇಡೀ ಲೈನಲ್ಲಿ ಅಷ್ಟು ಗಟ್ಟಿ ಸೇತುವೆ ಇನ್ನೊಂದಿರಲಿಲ್ಲ. ಒಂದು ಬಿರುಕಿಲ್ಲ, ಒಂದು ಹನಿ ಸೋರಲಿಲ್ಲ."

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅಳಿಯನಿಗೆ ಗಾಬರಿಯಾಯಿತು. ಮೂವತ್ತೆರಡು ವರ್ಷ ಒಂದೂ ತಪ್ಪು ಹೊಡೆಯದವರು ಎಂಬುದು ಮನೆಯಲ್ಲಿ ಗೋಡೆ ಗಡಿಯಾರದಷ್ಟೇ ಖಾಯಂ ಆದ ಮಾತಾಗಿತ್ತು.

"ಗುಲಾಬಿ ಬಣ್ಣದ ಗೀಟು," ಎಂದರು ಅತ್ತೆ, ಕಣ್ಣು ತೆರೆಯದೆ. "ಎಡಗಡೆಯ ಪುಟ, ಕೆಳಗಿನಿಂದ ಮೂರನೇ ಸಾಲು. ಪುಸ್ತಕದ ಗೆರೆ ಇರಬೇಕು ಅಂದ್ಕೊಂಡೆ. ಯಾರನ್ನಾದ್ರೂ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಊಟದ ಗಂಟೆ ಹೊಡೀತು." ಆಮೇಲೆ ಕಣ್ಣು ತೆರೆದರು. "ಹಾಗಾದ್ರೆ ನಾನು ಮರೆತಿಲ್ಲ."

"ನೀವೆಲ್ಲಿ ಮರೀತೀರಿ? ನೀವು ತಪ್ಪು ಮಾಡಿದ್ರಿ, ಅಷ್ಟೆ," ಎಂದರು ಇನ್ಸ್‌ಪೆಕ್ಟರು.

ಅತ್ತೆ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಅಳಿಯನ ಫೋನ್ ಕಿತ್ತುಕೊಂಡು ಮಗಳಿಗೆ ಕರೆ ಮಾಡಿ, "ಕೇಳೇ, ತಪ್ಪು ನಂದೇ!" ಎಂದು ಬಹುಮಾನ ಬಂದವರ ಹಾಗೆ ಹೇಳಿದರು. ತಪ್ಪು ಮಾಡಿದ್ದಕ್ಕೆ ಇಷ್ಟು ಹಿಗ್ಗಿದವರನ್ನು ತಾನು ಇಲಾಖೆಯಲ್ಲಿ ನೋಡಿಲ್ಲ ಎಂದು ಇನ್ಸ್‌ಪೆಕ್ಟರು ಅಳಿಯನಿಗೆ ಹೇಳಿದರು.

ಗುರುವಾರ ಡಾಕ್ಟರು ಐದು ಶಬ್ದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಅತ್ತೆ ಮೂರನ್ನು ಹೇಳಿದರು. ನೂರರಿಂದ ಏಳು ಕಳೆಯುತ್ತ ಎಪ್ಪತ್ತೆರಡಕ್ಕೆ ಬಂದು ನಿಂತರು. ವಯಸ್ಸಿಗೆ ತಕ್ಕ ಮರೆವು, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ, ಕೆಟಲ್ ಬದಲಾಯಿಸಿ ಎಂದರು ಡಾಕ್ಟರು. ಮಗಳು ನೀರು ಕುದಿದರೆ ಸಿಳ್ಳೆ ಹಾಕುವ ಕೆಟಲ್ ತಂದಳು.

ಶನಿವಾರ ಮೂವರೂ ಕಂಪ್ಯೂಟರಿನ ಮುಂದೆ ಕೂತರು. ಇಲ್ಲದ ಸೇತುವೆಯನ್ನು ನಕ್ಷೆಗೆ ಹಾಕುವ ಮಾತೇ ಇರಲಿಲ್ಲ; ಹಾಕೋಣವೇ ಎಂದು ಅಳಿಯ ಕೀಟಲೆಗೆ ಕೇಳಿದ್ದಕ್ಕೆ ಅತ್ತೆ, ಒಂದು ಸಲ ಮಾಡಿದ್ದು ಸಾಲದೇ ಎಂದರು. ಆದರೆ ಎಂಬತ್ತೇಳರ ಪಕ್ಕ ಟಿಪ್ಪಣಿ ಬರೆಯಬಹುದಿತ್ತು. ಮುಂದೆ ಯಾರೋ ತನ್ನ ಹಾಗೆ ಭಾನುವಾರ ಹಾಳುಮಾಡಿಕೊಳ್ಳದಿರಲಿ ಎಂದು ಅಳಿಯ ಹೇಳಿದ. ಕುರ್ಚಿ ಬಿಟ್ಟುಕೊಟ್ಟ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಕೀಲಿಗಳನ್ನು ನೋಡದೆ, ಹತ್ತೂ ಬೆರಳಿನಲ್ಲಿ ಹೊಡೆದರು:

"87ರ ನಂತರದ ಸೇತುವೆ 89. ನಡುವೆ 88 ಎಂಬ ಸೇತುವೆ ಇಲ್ಲ, ಹುಡುಕಬೇಡಿ. ರೈಲ್ವೆಯ ಪಟ್ಟಿಯಲ್ಲಿ ಅದು ಬಂದದ್ದು ಟೈಪಿಂಗ್ ತಪ್ಪಿನಿಂದ."

ಕೆಳಗೊಂದು ಖಾಲಿ ಚೌಕವಿತ್ತು. ಈ ಮಾಹಿತಿ ಎಲ್ಲಿಂದ ಬಂತೆಂದು ಅಲ್ಲಿ ಹೇಳಬೇಕಿತ್ತು. ಸಾಮಾನ್ಯವಾಗಿ ಅಳಿಯ ಅಲ್ಲಿ 'ಸ್ಥಳಕ್ಕೆ ಹೋಗಿ ನೋಡಿದ್ದು' ಎಂದು ಹಾಕುತ್ತಿದ್ದ. ಅತ್ತೆ ಸ್ವಲ್ಪ ಯೋಚಿಸಿ ಎರಡು ಸಾಲು ಹೊಡೆದರು.

"ಸ್ಥಳಕ್ಕೆ ಹೋಗಿ ನೋಡಿದ್ದು. ಟೈಪ್ ಮಾಡಿದವಳೂ ನಾನೇ."

ಮಗಳು ಓದಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಳಿಯ ನಕ್ಷೆಗೆ ಕಳಿಸುವ ಗುಂಡಿ ಒತ್ತಿದ. ಒಳಗೆ ಕೆಟಲ್ ಸಿಳ್ಳೆ ಹಾಕಿತು. ಏಳಬೇಡ ಎಂದು ಅಮ್ಮನ ಭುಜ ಒತ್ತಿ ಮಗಳು ಒಳಗೆ ಹೋದಳು.

"ಬರ್ಕೊಳ್ಳಿ ಅಳಿಯಂದ್ರೆ," ಎಂದರು ಅತ್ತೆ. "ತೊಂಬತ್ತು. ಕಲ್ಲಿನ ಕಮಾನು, ಮೂರು ಅಂಕಣ, ಒಂದೊಂದೂ ಆರು ಮೀಟರು. ಅದನ್ನ ನಾನೂ ನೋಡ್ಬೇಕು. ಸ್ಟೂಲು ಲಾರಿಯಲ್ಲೇ ಇರಲಿ."