ಮುಗಿದ ಹಾಗೇ ಲೆಕ್ಕ

ಹೊಗಳಿಕೆಯಿಂದ ಯಾರಾದರೂ ಹಾಳಾದದ್ದನ್ನು ನೀವು ಕಂಡಿದ್ದೀರೋ ಇಲ್ಲವೋ, ಬೇರಕ್ಕ ಹಾಳಾದದ್ದು ಹೊಗಳಿಕೆಯಿಂದಲೇ. ಅದೂ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದು, ಕೊನೆಗೆ ಒಂದೇ ಒಂದು ಸಲ ಸಿಕ್ಕ ಹೊಗಳಿಕೆಯಿಂದ.

ಬೇರಕ್ಕ ಅನ್ನುವುದು ಪ್ರಯೋಗಾಲಯದ ಕಿರಿಯರು ಇಟ್ಟ ಹೆಸರು. ಸಸ್ಯವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಅವಳ ಕೆಲಸವೆಲ್ಲ ಬೇರಿನದೇ. ಒಂದು ಕಾಡು ಕಾಳಿನ ಗಿಡ, ಅದರ ಬೇರು ಉಪ್ಪಿನ ಹತ್ತಿರ ಬಂದಾಗ ಏನು ಮಾಡುತ್ತದೆ ಅಂತ ನೋಡುವುದು. ಚಪ್ಪಟೆ ಗಾಜಿನ ಪೆಟ್ಟಿಗೆಗೆ ಮಣ್ಣು ತುಂಬಿ, ಅರ್ಧ ಆಳದಲ್ಲಿ ಉಪ್ಪಿನ ಪದರ ಹಾಸಿ, ಬೀಜ ಊರಿ, ಗಾಜಿಗೆ ಕಪ್ಪು ಬಟ್ಟೆ ಹೊದಿಸಿಡುತ್ತಿದ್ದಳು. ಆಮೇಲೆ ದಿನಾ ಬಟ್ಟೆ ಸರಿಸಿ, ಬೇರು ಎಲ್ಲಿಗೆ ಬಂತು ಅಂತ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದಳು. ಮೊದಲ ತಲೆಮಾರಿನ ಬೇರುಗಳು ಕುರುಡಾಗಿ ನುಗ್ಗಿ ಉಪ್ಪಿನಲ್ಲಿ ಮೂತಿ ಸುಟ್ಟುಕೊಂಡವು. ಹೇಗೋ ಬದುಕಿ ಉಳಿದವುಗಳ ಮಕ್ಕಳು, ಉಪ್ಪು ಇನ್ನೂ ಒಂದು ಗೇಣು ದೂರವಿರುವಾಗಲೇ ಪಕ್ಕಕ್ಕೆ ತಿರುಗಿದವು. ಯಾರು ಹೇಳಿಕೊಟ್ಟರು ಅವಕ್ಕೆ? ಅದು ಬರೀ ಸೊರಗಿದ ತಾಯಿಗಿಡದಿಂದ ಬಂದ ನಿತ್ರಾಣವೋ, ನಿಜವಾದ ನೆನಪೋ? ಅದನ್ನು ಹೇಳಬೇಕಾದದ್ದು ಮೊಮ್ಮಕ್ಕಳು. ಅವು ಈಗ ತಾನೇ ಮೊಳೆತು ಪೆಟ್ಟಿಗೆಯಲ್ಲಿ ಕೂತಿದ್ದವು. ಈ ಗಿಡದ ಬೇರೋ, ತೆವಳುವ ಜಾತಿ. ಮೊಮ್ಮಕ್ಕಳು ಉಪ್ಪಿನ ತನಕ ಇಳಿದು, ತಿರುಗಿದವೋ ಇಲ್ಲವೋ ನೋಡಿ, ಇನ್ನೊಮ್ಮೆ ನೆಟ್ಟು ಖಾತ್ರಿ ಮಾಡಿಕೊಳ್ಳಲು ಒಂದು ವರ್ಷ ಬೇಕೇ ಬೇಕು. ಅವಳ ಫೆಲೋಶಿಪ್ ಮಾತ್ರ ಆ ತಿಂಗಳಿಗೆ ಮುಗಿಯುತ್ತಿತ್ತು.

ಬೇರಕ್ಕ ಇದ್ದದ್ದು ಅಕ್ಕನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಇವಳ ಮಂಚ. ಭಾವನಿಗೆ ನಾದಿನಿಯನ್ನು ಕೆಣಕದಿದ್ದರೆ ಊಟ ರುಚಿಸುತ್ತಿರಲಿಲ್ಲ.

"ಬೇರು ನೋಡ್ತಾ ನೋಡ್ತಾ ನೀನೇ ಅಲ್ಲಿ ಬೇರು ಬಿಟ್ಬಿಟ್ಯಲ್ಲೇ," ಅನ್ನುತ್ತಿದ್ದ. "ಕಿತ್ಕೊಂಡು ಬರೋಕೆ ನಾನೇ ಗುದ್ದಲಿ ತರಬೇಕೇನೋ."

"ಇನ್ನೊಂದೇ ವರ್ಷ ಭಾವ."

"ಹೋದ ವರ್ಷಾನೂ ಇದನ್ನೇ ಹೇಳಿದ್ದೆ."

"ಸುಮ್ನಿರ್ರೀ," ಅಂತ ಅಕ್ಕ ಯಂತ್ರ ತುಳಿಯುತ್ತಲೇ ಗದರುತ್ತಿದ್ದಳು. "ಅವಳ ಪಾಡಿಗೆ ಅವಳು ಓದ್ಕೊಳ್ಲಿ, ನಿಮ್ಮ ಗಂಟೇನು ಹೋಗ್ತದೆ?"

ಇನ್ನು ಅವಳ ಗೈಡು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ದೇವರಂಥ ಮನುಷ್ಯ, ಆದರೆ ಹೊಗಳಿಕೆಯ ವಿಷಯಕ್ಕೆ ಬಂದರೆ ಕಡು ಜಿಪುಣ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ ತೋರಿಸಿದರೂ ಕನ್ನಡಕ ಒರೆಸಿಕೊಂಡು "ಪರವಾಗಿಲ್ಲ" ಅನ್ನುತ್ತಿದ್ದರು. ಮಕ್ಕಳ ಬೇರು ತಿರುಗಿದ ದಿನ ಬೇರಕ್ಕ ಓಡಿಹೋಗಿ ಅವರನ್ನು ಕೈಹಿಡಿದು ಎಳೆದುಕೊಂಡು ಬಂದಿದ್ದಳು. ಮೇಷ್ಟ್ರು ಬಗ್ಗಿ, ಗಾಜಿಗೆ ಮೂಗು ತಾಗಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ "ಹೂಂ, ಪರವಾಗಿಲ್ಲ" ಅಂದು ಹೊರಟುಹೋದರು. ಅವತ್ತು ಬೇರಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾಚಿಕೆಯಾಗಬೇಕು, ವಯಸ್ಸೇನು ಕಮ್ಮಿಯೇ? ಆದರೂ ಆ ಮನುಷ್ಯನ ಬಾಯಿಂದ ಒಂದು "ಭೇಷ್" ಕೇಳಬೇಕು ಅನ್ನುವ ಹಸಿವು ಅವಳಿಗೆ ಹೋಗಲೇ ಇಲ್ಲ.

ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಅಂತ ನೋಡುವ ಸಮಿತಿ ಉದ್ದ ಮೇಜಿನ ಕೋಣೆಯಲ್ಲಿ ಸೇರಿತು. ಅಧ್ಯಕ್ಷೆ ಬೇರೆ ವಿಭಾಗದವರು, ಬೇರಿಗೂ ಅವರಿಗೂ ಸಂಬಂಧವಿಲ್ಲ. ಬೇರಕ್ಕ ಚಿತ್ರಗಳನ್ನು ತೋರಿಸಿ, ಹೆದರುತ್ತಲೇ ಇಲ್ಲಿಯ ತನಕ ಕಂಡದ್ದನ್ನೆಲ್ಲ ಹೇಳಿ ಕೂತಳು. ಗೈಡ್ ಅಭಿಪ್ರಾಯ ಏನು ಅಂತ ಅಧ್ಯಕ್ಷೆ ಕೇಳಿದರು.

ಮೇಷ್ಟ್ರು ಎದ್ದು ನಿಂತರು. ಅವರೂ ಹೆದರಿದ್ದರು ಅಂತ ಕಾಣುತ್ತದೆ. ಹುಡುಗಿಗೆ ವರ್ಷ ಸಿಗದೆ ಹೋದರೆ ಅನ್ನುವ ದಿಗಿಲಿಗೋ ಏನೋ, ಇಷ್ಟು ಕಾಲ ಕಟ್ಟಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ನಮ್ಮ ಹುಡುಗಿ ಅಂತ ಹೇಳ್ತಾ ಇಲ್ಲ ಮೇಡಂ. ಇಂಥ ಶ್ರದ್ಧೆ ನನ್ನ ಸರ್ವಿಸ್‌ನಲ್ಲೇ ನಾನು ನೋಡಿಲ್ಲ. ನಿಜ ಹೇಳ್ಬೇಕು ಅಂದ್ರೆ, ಇವಳ ಕೆಲಸ ನನ್ನ ಕೆಲಸಕ್ಕಿಂತ ಒಂದು ಕೈ ಮೇಲೆ. ಇಷ್ಟು ಮಾಡಿರೋಳಿಗೆ ಇನ್ನೇನು ದೊಡ್ಡದು ಉಳಿದಿದೆ? ಮುಗಿದ ಹಾಗೇ ಲೆಕ್ಕ!"

ಬೇರಕ್ಕನ ಕಣ್ಣು ಮಂಜಾಯಿತು. ಕಿವಿಗೆ ಬಿದ್ದದ್ದು ತನ್ನ ಬಗ್ಗೆಯೇ ಹೌದೋ ಅಲ್ಲವೋ ಅನ್ನುವ ಹಾಗೆ ಕೂತಿದ್ದಳು. ಸಂತೋಷ ಅಂದರೆ ಸಂತೋಷ, ಎದೆ ನೋಯುವಷ್ಟು ಸಂತೋಷ.

ಅಧ್ಯಕ್ಷೆ ಅವಳ ಕಡೆ ತಿರುಗಿದರು. "ಏನಮ್ಮ, ನಿಮ್ಮ ಮೇಷ್ಟ್ರು ಕೆಲಸ ಮುಗಿದಿದೆ ಅಂತಿದಾರೆ. ಹೌದಾ?"

ಇಲ್ಲ ಮೇಡಂ, ಮೊಮ್ಮಕ್ಕಳು ಇನ್ನೂ ಉಪ್ಪಿನ ಹತ್ತಿರಕ್ಕೇ ಬಂದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮೇಷ್ಟ್ರು ಇನ್ನೂ ನಿಂತೇ ಇದ್ದರು, ಮುಖ ಮಗುವಿನ ಮುಖದ ಹಾಗೆ ಅರಳಿತ್ತು. ಅವರ ಬಾಯಿಂದ ಮೊದಲ ಸಲ ಬಂದ ಮಾತನ್ನು, ಎಲ್ಲರೆದುರು, ಅದು ಸುಳ್ಳು ಅನ್ನುವುದು ಹೇಗೆ?

"ಹೌದು ಮೇಡಂ," ಅಂದಳು ಬೇರಕ್ಕ.

ಅಯ್ಯೋ ಪುಣ್ಯಾತ್ಗಿತ್ತಿ! ಅಲ್ಲಿಗೆ ಮುಗಿಯಿತು ನೋಡಿ.

ವಾರ ಕಳೆಯುವುದರೊಳಗೆ ಕಚೇರಿಯಿಂದ ಎರಡು ಆದೇಶ ಒಟ್ಟಿಗೇ ಬಂದವು. ಸಂಶೋಧನೆ ಮುಗಿದಿರುವುದರಿಂದ ಫೆಲೋಶಿಪ್ ಮುಂದುವರಿಸುವ ಅಗತ್ಯವಿಲ್ಲ, ತಿಂಗಳ ಕೊನೆಗೆ ಗಿಡದ ಕೋಣೆ ಖಾಲಿ ಮಾಡಿ ಮುಂದಿನವರಿಗೆ ಬಿಟ್ಟುಕೊಡಬೇಕು ಅಂತ ಒಂದು. ಸಂಶೋಧನೆ ಮುಗಿದಿರುವುದರಿಂದ ಈ ಸಾಲಿನ ಅತ್ಯುತ್ತಮ ಸಂಶೋಧಕಿ ಪದಕಕ್ಕೆ ಅವಳನ್ನು ಆರಿಸಲಾಗಿದೆ ಅಂತ ಇನ್ನೊಂದು.

ಮೇಷ್ಟ್ರು ಕಚೇರಿಗೆ ಓಡಿದರು. ಗುಮಾಸ್ತ ಒಳ್ಳೆಯವನೇ, ಎದ್ದು ಕುರ್ಚಿ ಕೊಟ್ಟ.

"ನಾನು ಮುಗಿದಿದೆ ಅಂದಿಲ್ಲಪ್ಪ. ಮುಗಿದ ಹಾಗೇ ಲೆಕ್ಕ ಅಂದೆ. ಮಾತಿಗೆ ಹಾಗೆ ಅಂತಾರಲ್ವೇ?"

"ಅಂತಾರೆ ಸಾರ್, ನಮ್ಮನೇಲೂ ಅಂತಾರೆ. ಆದ್ರೆ ನಡಾವಳೀಲಿ 'ಹಾಗೇ ಲೆಕ್ಕ' ಅಂತೆಲ್ಲ ಬರೆಯೋಕಾಗತ್ತಾ? ಮೇಲಾಗಿ ಮೇಡಂ ಕೇಳಿದ್ದಕ್ಕೆ ನಿಮ್ಮ ಸ್ಟೂಡೆಂಟೂ ಹೌದು ಅಂದಿದಾರೆ."

ಅಧ್ಯಕ್ಷೆಯ ಬಾಗಿಲಿಗೂ ಹೋದರು. ಫೆಲೋಶಿಪ್ ಹಣ ಎಲ್ಲ ಹಂಚಿ ಆಯ್ತು ಸರ್, ಮುಗಿದಿಲ್ಲ ಅನ್ನೋದಾದ್ರೆ ಪದಕಾನೂ ವಾಪಸ್ ತಗೋಬೇಕಾಗತ್ತೆ, ಅಷ್ಟೇ ಅಂದರು ಅವರು. ತಪ್ಪು ಅಂತ ಬೆರಳು ತೋರಿಸೋಣ ಅಂದರೆ ಯಾರ ಕಡೆ ತೋರಿಸುತ್ತೀರಿ?

ಮನೆಯಲ್ಲಿ ಅಕ್ಕ ಯಂತ್ರ ನಿಲ್ಲಿಸಿಬಿಟ್ಟಳು.

"ಅವ್ರು ಕೇಳ್ದಾಗ ಬಾಯಿ ಎಲ್ಲಿಟ್ಟಿದ್ದೆ?"

"ಮೇಷ್ಟ್ರು ಹಾಗಂದ್ಮೇಲೆ ನಾನು ಇಲ್ಲ ಅನ್ನೋದು ಹೇಗಕ್ಕಾ..."

"ಅನ್ನೋದು ಹೇಗೆ ಅಂದ್ರೆ? ಬಾಯಿ ಬಿಟ್ಟು ಅನ್ನೋದು! ನನ್ನ ಹತ್ರ ಕ್ಯಾತೆ ತೆಗೆಯೋಕೆ ಎಷ್ಟು ಉದ್ದ ಇರತ್ತೆ ಆ ನಾಲಿಗೆ!" ಅಂದವಳೇ ಅಕ್ಕ ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಭಾವ ಅವತ್ತು ಏನೂ ತಮಾಷೆ ಮಾಡಲಿಲ್ಲ. ಅದೇ ಬೇರಕ್ಕನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೋಣೆ ಖಾಲಿ ಮಾಡುವ ದಿನ ಕಿರಿಯರು ಸಹಾಯಕ್ಕೆ ಬಂದರೆ ಬೇಡ ಅಂದಳು. ನೆಟ್ಟವಳು ನಾನು, ನಾನೇ ಕೈಯಾರೆ ಕೀಳುತ್ತೇನೆ ಅಂದಳು. ಮೇಷ್ಟ್ರು ಮಾತ್ರ ಕೇಳದೆ ಬಂದು ಬಾಗಿಲ ಹತ್ತಿರ ನಿಂತರು. ವಾರದಲ್ಲಿ ಮನುಷ್ಯ ಇಳಿದುಹೋಗಿದ್ದರು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು.

ಒಂದೊಂದೇ ಪೆಟ್ಟಿಗೆಯ ಬಟ್ಟೆ ಸರಿಸುತ್ತ ಬಂದಳು. ಮೊಮ್ಮಕ್ಕಳೆಲ್ಲ ಮೇಲೆ ಮೇಲೇ ಇದ್ದವು. ಗೋಡೆ ಬದಿಯ ಪೆಟ್ಟಿಗೆಯಲ್ಲಿ ಮಾತ್ರ ಒಂದು ಬೇರು ಎಲ್ಲರಿಗಿಂತ ಮುಂದೆ ಓಡಿ, ಮಕ್ಕಳು ತಿರುಗಿದ ಜಾಗಕ್ಕೆ ಬೆರಳಗಲ ಬಾಕಿ ಇರುವಲ್ಲಿಗೆ ಬಂದಿತ್ತು. ನೇರವಾಗಿತ್ತು. ತಿರುಗುತ್ತಿತ್ತೋ, ನುಗ್ಗುತ್ತಿತ್ತೋ, ಯಾರಿಗೆ ಗೊತ್ತು? ಇಬ್ಬರೂ ಬಗ್ಗಿ ನೋಡಿದರು. ಇಬ್ಬರಿಗೂ ಏಳಲು ಮನಸ್ಸಾಗಲಿಲ್ಲ.

"ಕೆಟ್ಟ ಕೆಲಸ ಮಾಡ್ಬಿಟ್ಟೆ ಕಣಮ್ಮ ನಾನು," ಅಂದರು ಮೇಷ್ಟ್ರು.

"ಬಿಡಿ ಸಾರ್."

"ಹೊಗಳೋದು ನನಗೆ ಬರೋದಿಲ್ಲ. ಬಾರದ ಕೆಲಸಕ್ಕೆ ಕೈ ಹಾಕ್ಬಾರದಿತ್ತು."

ಬೇರಕ್ಕ ಗಾಜು ತೆಗೆದು ಮಣ್ಣಿಗೆ ಕೈ ಹಾಕಿದಳು. ಎಷ್ಟು ನಾಜೂಕಾಗಿ ಎತ್ತಿದರೂ ಮಣ್ಣು ಕುಸಿಯಿತು.

"ಅದನ್ನ ನನಗೆ ಕೊಡು," ಅಂತ ಮೇಷ್ಟ್ರು ಎರಡೂ ಕೈ ಚಾಚಿದರು. "ಮನೇಲಿ ನಾನೇ ಒಂದು ಗಾಜಿನ ಪೆಟ್ಟಿಗೆ ಮಾಡಿಸ್ತೀನಿ. ಉಪ್ಪು ಹಾಕಿ ನೆಡ್ತೀನಿ. ದಿನಾ ನೋಡ್ತೀನಿ. ಇದು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸ್ತದೆ, ಅಲ್ವೇ? ಒಂದಾದ್ರೂ ಹೇಳ್ತದೆ ನಮಗೆ. ಅಲ್ವೇನಮ್ಮ?"

ಬೇರಕ್ಕ ಕೈಯಲ್ಲಿದ್ದ ಗಿಡ ನೋಡಿದಳು. ಆಮೇಲೆ ತೆಗೆದಿಟ್ಟ ಗಾಜು ನೋಡಿದಳು. ಬೇರಿಗೆ ದಿಕ್ಕು ಗೊತ್ತಾಗುವುದು ಅದರ ತುದಿಯಿಂದ, ಅಕ್ಕಿಯ ನುಚ್ಚಿನಷ್ಟು ಬಿಳೀ ತುದಿಯಿಂದ. ಕನ್ನಡಕ ಮಂಜಾಗಿದ್ದ ಮೇಷ್ಟ್ರಿಗೆ ಅದು ಕಾಣಲಿಲ್ಲ. ತುದಿ ಮುರಿದು ಆ ಗಾಜಿಗೇ ಅಂಟಿಕೊಂಡಿತ್ತು.

"ಹೌದು ಸಾರ್," ಅಂದು ಅವಳು ಗಿಡವನ್ನು ಅವರ ಬೊಗಸೆಗೆ ಹಾಕಿದಳು. ಮೇಷ್ಟ್ರು ಅದನ್ನು ಎದೆಗೆ ಹತ್ತಿರ ಹಿಡಿದುಕೊಂಡು, ಗಾಳಿ ತಾಗದ ಹಾಗೆ ಬೆನ್ನು ಬಾಗಿಸಿಕೊಂಡು, ಹುಷಾರಾಗಿ ಮೆಟ್ಟಿಲು ಇಳಿದು ಹೋದರು.